ಪದಗಳ ನಡುವಿನ ಜಾಗ

ಹೆಮ್ಮಾಡಿಯಲ್ಲಿ ಹೆದ್ದಾರಿಯಿಂದ ಕೊಲ್ಲೂರಿನ ದಾರಿ ಕವಲೊಡೆಯುತ್ತದೆ. ಆ ಕಡೆ ಶಂಕರರು ಪ್ರತಿಷ್ಠಾಪಿಸಿದರೆಂಬ ಪ್ರತೀತಿಯ ಮೂಕಾಂಬಿಕೆ. ಹೆದ್ದಾರಿಯಲ್ಲೇ ದಕ್ಷಿಣಕ್ಕೆ ಹೋದರೆ ಮಧ್ವರ ಉಡುಪಿ. ಈ ಸೀಮೆಗೆ ಅದ್ವೈತವೂ ದ್ವೈತವೂ ತನ್ನವೇ. ಇವೆರಡರ ನಡುವಣ ಬಹು ದೊಡ್ಡ ವಿವಾದವೊಂದು ಅಚ್ಚಿನ ಮನೆಗೆ ಬಂದಾಗ, ಅಕ್ಷರಗಳ ನಡುವೆ ಎಲ್ಲಿ ಜಾಗ ಬಿಡಬೇಕು ಎಂಬ ಪ್ರಶ್ನೆಯಾಗುತ್ತದೆ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ ಒಂಬತ್ತು ಸಲ ಹೇಳುವ ಮಹಾವಾಕ್ಯ ‘ಆತ್ಮಾ’ ಎಂಬ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಆ ದೀರ್ಘದಲ್ಲಿ ಏನೂ ಅಡಗಿಲ್ಲವೆಂದರೆ ‘ತತ್ ತ್ವಮ್ ಅಸಿ’, ಅದೇ ನೀನು. ಸವರ್ಣದೀರ್ಘ ಸಂಧಿಯಲ್ಲಿ ಒಂದು ಅಕಾರ ಸೇರಿಹೋಗಿದೆ ಎಂದರೆ ‘ಅತತ್ ತ್ವಮ್ ಅಸಿ’, ಅದು ನೀನಲ್ಲ. ಮಧ್ವರು ವಿಷ್ಣುತತ್ತ್ವವಿನಿರ್ಣಯದಲ್ಲಿ ಹಿಡಿದದ್ದು ಈ ಎರಡನೆಯ ವಿಭಾಗವನ್ನು. ಕಿವಿಗೆ ಎರಡೂ ಒಂದೇ. ಪದಗಳನ್ನು ಬಿಡಿಸದೆ ಬರೆದ ಓಲೆಗರಿಯಲ್ಲೂ ಒಂದೇ. ಅಚ್ಚಿನಲ್ಲಿ ಮಾತ್ರ ಒಂದು ತೆರಪೋ ಒಂದು ಅವಗ್ರಹವೋ ಬಿದ್ದ ಕೂಡಲೇ ತೀರ್ಪು ಬಿದ್ದಂತೆ.

ಅರ್ಥವನ್ನು ನಿರ್ಣಯಿಸುವುದು ಪ್ರಕರಣವೇ ಹೊರತು ಚಿಹ್ನೆಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಅದ್ವೈತಿಗಳು ಮಣ್ಣು ಮಡಕೆಯ ದೃಷ್ಟಾಂತವನ್ನು ಮುಂದಿಡುತ್ತಾರೆ. ದ್ವೈತಿಗಳು ದಾರಕ್ಕೆ ಕಟ್ಟಿದ ಹಕ್ಕಿಯನ್ನು ತೋರಿಸಿ, ದಾರ ಬೇರೆ ಹಕ್ಕಿ ಬೇರೆ ಎನ್ನುತ್ತಾರೆ. ವಾದವನ್ನು ಹುಟ್ಟಿಸಿದ್ದು ಚಿಹ್ನೆಯಲ್ಲ. ಆದರೆ ವಾದವೇ ಇಲ್ಲವೆಂಬಂತೆ ಮುಚ್ಚಿಡುವ ಶಕ್ತಿ ಅದಕ್ಕಿದೆ, ನನ್ನ ಆತಂಕ ಇರುವುದು ಅಲ್ಲೇ. ಏಕಾರ ಓಕಾರಗಳ ಮುಂದೆ ಲೋಪವಾದ ಅಕಾರಕ್ಕೆ ಅವಗ್ರಹ ಹಾಕುವುದು ರೂಢಿ. ದೀರ್ಘದಲ್ಲಿ ಸೇರಿಹೋದ ಅಕಾರಕ್ಕೆ ಕೆಲವರು ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಗ್ರಂಥದುದ್ದಕ್ಕೂ ತಪ್ಪದೆ ಹಾಕಿದ ಸಂಪಾದಕ ಇಲ್ಲಿ ಹಾಕದಿದ್ದರೆ, ‘ಇಲ್ಲಿ ಅಕಾರವಿಲ್ಲ’ ಎಂಬ ಆತನ ನಿಲುವು ಓದುಗನಿಗೆ ತಿಳಿಯುತ್ತದೆ. ಒಪ್ಪಬಹುದು, ತಕರಾರು ತೆಗೆಯಬಹುದು. ಮನಸ್ಸಿಗೆ ಬಂದಲ್ಲಿ ಹಾಕಿ ಬಾರದಲ್ಲಿ ಬಿಟ್ಟವನ ಪುಟದಲ್ಲಿ ಆ ಮೌನಕ್ಕೆ ಅರ್ಥವೇ ಇಲ್ಲ. ಸಂಪಾದಕನ ಊಹೆಯನ್ನು ಓದುಗ ಶ್ರುತಿಯೆಂದೇ ನಂಬುತ್ತಾನೆ. ಹಾಗಾಗಿ ಚಿಹ್ನೆಗಳ ಏಕರೂಪತೆಯನ್ನು ನಾನು ಅಂದಕ್ಕಾಗಿ ಬೇಡುತ್ತಿಲ್ಲ. ಶ್ರುತಿ ಎಲ್ಲಿಗೆ ಮುಗಿಯಿತು, ಸಂಪಾದಕ ಎಲ್ಲಿಂದ ಮಾತಾಡತೊಡಗಿದ ಎಂಬುದನ್ನು ತೋರಿಸುವುದು ಧರ್ಮಗ್ರಂಥ ಅಚ್ಚು ಹಾಕುವವರ ಕರ್ತವ್ಯ.

ಹಾಗಾದರೆ ಓಲೆಗರಿಯಂತೆ ಎಲ್ಲವನ್ನೂ ಕೂಡಿಸಿಯೇ ಅಚ್ಚು ಹಾಕಿದರಾಯಿತಲ್ಲ? ಗುರುಮುಖದಿಂದ ಕಲಿತವನಿಗೆ ಅದು ಸಾಕು, ಪುಸ್ತಕವೇ ಗುರುವಾದವನಿಗೆ ಸಾಲದು. ಈ ವಾಕ್ಯವನ್ನು ಮೂಲದಲ್ಲಿ ಕೂಡಿಸಿಯೇ ಇಟ್ಟು, ಎರಡೂ ಪದವಿಭಾಗಗಳನ್ನು ಆಯಾ ಆಚಾರ್ಯರ ಹೆಸರಿನೊಂದಿಗೆ ಅಡಿಟಿಪ್ಪಣಿಯಲ್ಲಿ ಕೊಡಬೇಕು. ಸಾಮಾನ್ಯ ಭಕ್ತರ ಶ್ರದ್ಧೆ ಇದರಿಂದ ಕದಡೀತೆಂಬ ಅಂಜಿಕೆಗೆ ಕಾರಣ ಕಾಣೆ. ಶ್ವೇತಕೇತುವೇ ಒಂದೇ ಸಲಕ್ಕೆ ಒಪ್ಪಿ ಎದ್ದು ಹೋಗಲಿಲ್ಲ. ಇನ್ನೊಮ್ಮೆ ತಿಳಿಸಿಕೊಡಿ ಎಂದು ತಂದೆಯನ್ನು ಮತ್ತೆ ಮತ್ತೆ ಕೇಳಿದ.