ಇಲಿಯ ದುಃಖ, ನಮ್ಮ ಮದ್ದು

ನಂಜನಗೂಡಿನವರಿಗೆ ಹಕೀಮ್ ನಂಜುಂಡನ ಕಥೆ ಹೊಸದೇನಲ್ಲ. ಟಿಪ್ಪು ಸುಲ್ತಾನನ ಪಟ್ಟದ ಆನೆಗೆ ಕಣ್ಣುಬೇನೆ ಬಂತು, ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಪ್ರಾರ್ಥನೆ ಮಾಡಿಸಿದ ಮೇಲೆ ವಾಸಿಯಾಯಿತು, ಸುಲ್ತಾನ ಆ ದೇವರನ್ನೇ ಹಕೀಮನೆಂದು ಕರೆದು ಪಚ್ಚೆಲಿಂಗ ಅರ್ಪಿಸಿದ ಎಂಬುದು ಐತಿಹ್ಯ. ಸೌಹಾರ್ದದ ವೇದಿಕೆಗಳಲ್ಲಿ ಈ ಕಥೆಯನ್ನು ನಾವು ಸಾಕಷ್ಟು ಬಳಸಿದ್ದೇವೆ. ಆನೆಯನ್ನು ಮಾತ್ರ ಮರೆತಿದ್ದೇವೆ. ಅಲ್ಲಿ ಕಾಯಿಲೆ ಬಿದ್ದದ್ದೂ ಆನೆ, ಗುಣವಾದದ್ದೂ ಆನೆ. ಇಂದಿನ ಪ್ರಯೋಗಶಾಲೆಯಲ್ಲಿ ಪ್ರಾಣಿ ಕಾಯಿಲೆ ಬೀಳುವುದು ನಮ್ಮ ಸಲುವಾಗಿ.

ಖಿನ್ನತೆಯ ಮಾತ್ರೆಗಳನ್ನೇ ನೋಡಿ. ವೈದ್ಯರು ಬರೆದುಕೊಟ್ಟ ಫ್ಲುಯೊಕ್ಸೆಟಿನ್ನನ್ನೋ ಎಸ್ಸಿಟಾಲೊಪ್ರಾಮನ್ನೋ ಒಂದು ವಾರ ನುಂಗಿ, ‘ಏನೂ ಆಗಲಿಲ್ಲ’ ಎಂದು ಬಿಟ್ಟುಬಿಡುವವರು ನಮ್ಮ ನಡುವೆ ಇದ್ದಾರೆ. ಮಾತ್ರೆ ತನ್ನ ಕೆಲಸವನ್ನು ಕೆಲವೇ ಗಂಟೆಗಳಲ್ಲಿ ಶುರುಮಾಡಿರುತ್ತದೆ. ನರಕೋಶಗಳ ನಡುವೆ ಸೆರೊಟೋನಿನ್ ಹೆಚ್ಚಿರುತ್ತದೆ. ಆದರೆ ಸೆರೊಟೋನಿನ್ ಸ್ರವಿಸುವ ಕೋಶಗಳ ಮೈಮೇಲೆಯೇ ‘1ಎ’ ಎಂಬ ಗ್ರಾಹಕಗಳಿವೆ. ಮನೆಯ ಯಜಮಾನನ ಹಾಗೆ ಅವು ‘ಸಾಕು, ನಿಲ್ಲಿಸು’ ಎಂದು ಗದರುತ್ತವೆ. ಎರಡು ಮೂರು ವಾರ ಕಳೆದ ಮೇಲೆ ಆ ಗದರಿಕೆ ಸಡಿಲಗೊಳ್ಳುತ್ತದೆ. ಮದ್ದು ತಡವಾಗಿ ಹತ್ತುವುದಕ್ಕೆ ಇದು ಮುಖ್ಯವಾದ ಒಂದು ವಿವರಣೆ, ಪೂರ್ತಿ ವಿವರಣೆಯಲ್ಲ. ಸೆರೊಟೋನಿನ್ ಕಡಿಮೆಯಾದದ್ದೇ ದುಃಖ ಎಂಬ ಸರಳ ಲೆಕ್ಕವನ್ನು ಈಗ ಯಾರೂ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ.

ಇಷ್ಟನ್ನು ಕಲಿಸಿದ್ದು ಇಲಿಗಳು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 1ಎ ಗ್ರಾಹಕವೇ ಇಲ್ಲದಂತೆ ಹುಟ್ಟಿಸಿದ ಚಿಟ್ಟಿಲಿಗಳಿದ್ದವು. ಹಸಿದ ಇಲಿ ಬೆಳಕು ತುಂಬಿದ ಬಯಲಿನಲ್ಲಿಟ್ಟ ಆಹಾರದ ಹತ್ತಿರ ಹೋಗಲು ಅಂಜುತ್ತದೆ. ವಾರಗಟ್ಟಲೆ ಫ್ಲುಯೊಕ್ಸೆಟಿನ್ ತಿಂದ ಮಾಮೂಲಿ ಇಲಿಗಳಿಗೆ ಆ ಅಂಜಿಕೆ ಕಡಿಮೆಯಾಯಿತು. ಗ್ರಾಹಕವಿಲ್ಲದವಕ್ಕೆ ಆಗಲಿಲ್ಲ. ಇಮಿಪ್ರಮೈನ್ ಎಂಬ ಹಳೆಯ ಮದ್ದು ಮಾತ್ರ ಅವುಗಳ ಮೇಲೂ ಕೆಲಸ ಮಾಡಿತು. ಮದ್ದಿನ ದಾರಿ ಒಂದೇ ಅಲ್ಲ ಎಂದು ಹಾಗೆ ತಿಳಿಯಿತು.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಕೆಲಸ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಅಲ್ಲಿ ಎಳೆಯ ಇಲಿಮರಿಗಳಿಗೆ ಕ್ಲೋಮಿಪ್ರಮೈನ್ ಕೊಡಲಾಗಿತ್ತು. ದೊಡ್ಡವರಿಗೆ ಅದು ಖಿನ್ನತೆಯ ಮದ್ದು. ಮರಿಯಾಗಿದ್ದಾಗ ಅದನ್ನು ಪಡೆದ ಇಲಿಗಳಲ್ಲಿ ಬೆಳೆದ ಮೇಲೆ ಖಿನ್ನತೆಯ ಲಕ್ಷಣಗಳು ಕಂಡವು, ಹಾದಿ ಕಲಿಯುವ ಶಕ್ತಿಯೂ ಕುಂದಿತು. ಆಮೇಲೆ ಎಸ್ಸಿಟಾಲೊಪ್ರಾಮ್ ಕೊಟ್ಟಾಗ ಆ ಶಕ್ತಿ ಮರಳಿತು. ದುಃಖವನ್ನು ಕೊಟ್ಟವರೂ ನಾವೇ, ತೆಗೆದವರೂ ನಾವೇ.

ಇಲಿ ನಮ್ಮಂತೆಯೇ ಎದೆಗುಂದುತ್ತದೆ ಎಂದು ನಂಬಿದರೆ ಮಾತ್ರ ಈ ಪ್ರಯೋಗಕ್ಕೆ ಅರ್ಥ. ಅದು ನಮ್ಮಂತಲ್ಲ ಎಂದುಕೊಂಡರೆ ಮಾತ್ರ ಪ್ರಯೋಗ ಮಾಡುವ ಕೈ ನಡುಗುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳುತ್ತೇವೆ. ಉರ್ದುವಿನಲ್ಲಿ ‘ದಿಲ್ ಬೈಠ್ ಗಯಾ’ ಎನ್ನುತ್ತಾರೆ, ಹೃದಯ ಕುಳಿತುಬಿಟ್ಟಿತು ಎಂದು. ಇಲಿಯ ಎದೆ ಕುಳಿತದ್ದು ಯಾರಿಗೆ ಹೇಗೆ ಗೊತ್ತಾಗಬೇಕು?

1977ರಲ್ಲಿ ಪೋರ್ಸೋಲ್ಟ್ ಮತ್ತು ಸಂಗಡಿಗರು ಒಂದು ಉಪಾಯ ಕಂಡುಹಿಡಿದರು. ಹತ್ತಿ ಬರಲಾಗದ ನೀರಿನ ಪಾತ್ರೆಗೆ ಇಲಿಯನ್ನು ಬಿಡುವುದು. ಅದು ಈಜು ನಿಲ್ಲಿಸಿ ಸುಮ್ಮನೆ ತೇಲಿದರೆ ಹತಾಶೆ ಎಂದು ಬರೆದುಕೊಳ್ಳುವುದು. ಮದ್ದು ಕೊಟ್ಟಾಗ ಹೆಚ್ಚು ಹೊತ್ತು ಈಜಿದರೆ ಮದ್ದು ಒಳ್ಳೆಯದು. ಕಪಿಲೆ ನಂಜನಗೂಡು ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಆ ಸಂಗಮದ ಹುಡುಗರನ್ನು ಕೇಳಿದರೆ ನಗುತ್ತಾರೇನೋ: ಸುಸ್ತಾದಾಗ ಕೈಕಾಲು ಬಡಿಯುವುದು ಬಿಟ್ಟು ತೇಲುವುದು ಜಾಣತನವಲ್ಲವೆ? ಕೆಲವು ವಿಜ್ಞಾನಿಗಳೂ ಇದನ್ನೇ ಹೇಳಿದ್ದಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2024ರಲ್ಲಿ ಈ ಪರೀಕ್ಷೆಯನ್ನು ಕಾನೂನಿನಿಂದಲೇ ನಿಷೇಧಿಸಿತು.

ಇಲಿಯ ಮೇಲಿನ ಕನಿಕರದಿಂದ ಯಾರೂ ಮಾತ್ರೆ ಬಿಡಬಾರದು. ಮೂರನೆಯ ವಾರಕ್ಕೆ ತಾಳ್ಮೆಯಿಂದ ಕಾಯುತ್ತಿರುವ ಹೆಣ್ಣುಮಗಳಿಗೆ ಆ ಕಾಯುವಿಕೆಯ ಕಾರಣ ತಿಳಿದದ್ದು ಈ ಪ್ರಾಣಿಗಳಿಂದಲೇ, ಅದನ್ನು ಅಲ್ಲಗಳೆಯಲಾರೆ. ಆದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಪ್ರಯೋಗಗಳಿಗೆ ಅನುಮತಿ ಕೊಡುವ ಸಮಿತಿಗಳ ಮುಂದೆ ನೋವು ಎಷ್ಟು ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದೂ ಇರಬೇಕು: ತೇಲುತ್ತಿರುವ ಇಲಿ ನಿಜಕ್ಕೂ ನಮಗೆ ಏನು ಹೇಳುತ್ತಿದೆ?