ಹರಕೆ ಬೆಟ್ಟದಲ್ಲಿ, ನೇಮ ಮನೆಯಲ್ಲಿ



ತಾಯಿ ಶ್ರೀ ಚಾಮುಂಡೇಶ್ವರಿಯ ದರ್ಶನ ಪಡೆದು, ಕುಂಕುಮ ಪ್ರಸಾದ ಹಣೆಗಿಟ್ಟುಕೊಂಡು ಈ ಕಿರುಹೊತ್ತಿಗೆಯನ್ನು ಕೈಗೆ ತೆಗೆದುಕೊಂಡಿದ್ದೀರಿ. ಕ್ಷೇತ್ರ ಮಹಿಮೆ ಮತ್ತು ಸೇವಾ ವಿವರಗಳು ಬೇರೆ ಪುಟಗಳಲ್ಲಿವೆ. ಇಲ್ಲಿ ಹೇಳಬೇಕೆಂದಿರುವುದು ತಾವು ಬೆಟ್ಟ ಇಳಿದು ಮನೆ ಸೇರಿದ ಮೇಲಿನ ಮಾತು.

ಕಚೇರಿಯ ಕಿಟಕಿಯಲ್ಲಿ ಕೂತು ರಸೀದಿ ಹರಿದು ಕೊಡುವವರ ಕಿವಿಗೆ ಬೀಳುವಷ್ಟು ಹರಕೆಗಳು ಬಹುಶಃ ಅರ್ಚಕರ ಕಿವಿಗೂ ಬೀಳಲಿಕ್ಕಿಲ್ಲ. ಸಾಲಿನಲ್ಲಿ ನಿಂತಾಗಲೇ ಜನ ಮಾತಾಡಿಕೊಳ್ಳುತ್ತಾರೆ. ಮಗನಿಗೆ ಕೆಲಸ ಸಿಕ್ಕರೆ ಅಮ್ಮನವರಿಗೆ ಸೀರೆ, ಅಂಗಡಿ ಕೈ ಹಿಡಿದರೆ ಅನ್ನದಾನ, ಮಗಳಿಗೆ ಒಳ್ಳೆ ಸಂಬಂಧ ಕೂಡಿಬಂದರೆ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ. ಇದೆಲ್ಲ ಒಳ್ಳೆಯದೇ. ಹರಕೆ ಎನ್ನುವುದು ಕಷ್ಟದಲ್ಲಿರುವವರ ಊರುಗೋಲು. ಅದನ್ನು ಹಾಸ್ಯ ಮಾಡುವವರು ಕಷ್ಟ ಕಂಡಿಲ್ಲ ಅಂತಲೇ ಅರ್ಥ. ಆದರೆ ಗಮನವಿಟ್ಟು ನೋಡಿದರೆ ನಮ್ಮ ಹರಕೆಗಳಲ್ಲಿ ಒಂದು ವಿಶೇಷ ಕಾಣುತ್ತದೆ. ತಾಯಿ ಮಾಡಬೇಕಾದ ಕೆಲಸ ವರ್ಷಪೂರ್ತಿಯದು, ನಾವು ಮಾಡುವುದು ಒಂದು ದಿನದ್ದು. ಮಗ ದಿನಾ ಓದುವ ಹಾಗೆ ಅವಳು ನೋಡಿಕೊಳ್ಳಬೇಕು, ಅಂಗಡಿಗೆ ದಿನಾ ಗಿರಾಕಿ ಬರುವ ಹಾಗೆ ಅವಳು ಮಾಡಬೇಕು, ನಾವು ಒಂದು ದಿನ ಬಂದು ಸೀರೆ ಒಪ್ಪಿಸಿ ಹೋಗುತ್ತೇವೆ. ಲೆಕ್ಕ ಬರೆದು ಬರೆದು ಕಣ್ಣು ಮಂಜಾದವರಿಗೆ ಇದು ತಾಳೆಯಾಗುವ ಲೆಕ್ಕವಾಗಿ ಕಾಣುವುದಿಲ್ಲ.

ನಮ್ಮ ಬೆಟ್ಟದ ಮೆಟ್ಟಿಲುಗಳನ್ನೇ ನೋಡಿ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದವು, ಸಾವಿರಕ್ಕೂ ಮೇಲ್ಪಟ್ಟು ಇವೆ. ಬೆಳಗಿನ ಹೊತ್ತು ಹರೆಯದ ಹುಡುಗರು ಪಂಥ ಕಟ್ಟಿಕೊಂಡು ಓಡುತ್ತಾ ಹತ್ತುತ್ತಾರೆ. ಇನ್ನೂರು ಮೆಟ್ಟಿಲು ದಾಟುವಷ್ಟರಲ್ಲಿ ಬದಿಯ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿರುತ್ತಾರೆ. ಆಷಾಢ ಶುಕ್ರವಾರ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ನಮಸ್ಕರಿಸಿ ಮೇಲೇಳುವ ಹೆಂಗಸರನ್ನು ಕಂಡಿದ್ದೀರಲ್ಲ? ಅವರು ಮೇಲಕ್ಕೆ ತಲೆಯೆತ್ತಿ ಗೋಪುರ ಎಷ್ಟು ದೂರ ಅಂತ ನೋಡುವುದೇ ಇಲ್ಲ. ಕಣ್ಣೆದುರಿನ ಮೆಟ್ಟಿಲು ಮುಗಿಯಿತು, ಇನ್ನೊಂದು. ಸಾವಿರ ಸಲ ಬಗ್ಗಿ ಎದ್ದ ಮೇಲೂ ಅವರ ಮುಖದಲ್ಲಿ ನಗು ಇರುತ್ತದೆ. ಇದಕ್ಕೆ ಭಕ್ತಿ ಅಂತಾರೆ, ನಿಜ. ಜೊತೆಗೆ ಇದೊಂದು ಕೆಲಸ ಮಾಡುವ ಕ್ರಮ ಕೂಡ ಹೌದು.

ತಾಯಿ ಮಹಿಷಾಸುರನನ್ನು ಕೊಂದ ಕಥೆ ಎಲ್ಲರಿಗೂ ಗೊತ್ತು. ಮೂರ್ತಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡೇ ಬಂದಿರುತ್ತೀರಿ. ಆದರೆ ದೇವೀ ಮಹಾತ್ಮೆಯ 3ನೇ ಅಧ್ಯಾಯದಲ್ಲಿ ಆ ಯುದ್ಧ ಹೇಗೆ ನಡೆಯಿತು ಅಂತ ಇದೆಯಲ್ಲ, ಅದನ್ನು ನಿಧಾನವಾಗಿ ಓದಬೇಕು. ಮಹಿಷ ಕೋಣನಾಗಿ ಬರುತ್ತಾನೆ. ದೇವಿ ಪಾಶ ಹಾಕಿ ಕಟ್ಟಿದಳು, ಅವನು ಆ ರೂಪ ಬಿಟ್ಟು ಸಿಂಹವಾದ. ಸಿಂಹದ ತಲೆ ತೆಗೆಯುವಷ್ಟರಲ್ಲಿ ಕತ್ತಿ ಹಿಡಿದ ಮನುಷ್ಯನಾದ. ಅವನಿಗೆ ಬಾಣ ಬಿಟ್ಟರೆ ಆನೆಯಾದ, ಸೊಂಡಿಲು ಕತ್ತರಿಸಿದರೆ ಮತ್ತೆ ಕೋಣನೇ ಆದ. ಸಾಕ್ಷಾತ್ ಜಗನ್ಮಾತೆಗೇ ಒಂದು ಏಟಿಗೆ ಮುಗಿಯದ ಶತ್ರು ಅವನು. ಕೊನೆಗೆ ಕಾಲಿನಿಂದ ಒತ್ತಿ ಹಿಡಿದಾಗ, ಕೋಣನ ಬಾಯಿಂದ ಅರ್ಧ ಹೊರಗೆ ಬಂದು ಇನ್ನೊಂದು ವೇಷ ಹಾಕುವ ಹೊತ್ತಿನಲ್ಲಿ ಸಿಕ್ಕಿಬಿದ್ದ.

ನಮ್ಮೊಳಗಿನ ಕೆಟ್ಟ ಚಾಳಿಗಳೂ ಥೇಟ್ ಹೀಗೆಯೇ. ಬೀಡಿ ಬಿಟ್ಟೆ ಅಂತಾರೆ, ತಿಂಗಳೊಳಗೆ ಗುಟ್ಕಾ ಚೀಟಿ ಜೇಬಿನಲ್ಲಿರುತ್ತದೆ. ಕ್ಲಬ್ಬಿನ ಇಸ್ಪೀಟು ಬಿಟ್ಟವನು ಮೊಬೈಲಿನಲ್ಲಿ ರಮ್ಮಿ ಹಿಡಿದ. 2025ರಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಈಗ ಅದೇ ಕೈ ರಾತ್ರಿ ಹನ್ನೆರಡರವರೆಗೂ ರೀಲ್ಸ್ ತಳ್ಳುತ್ತಾ ಇದೆ. ಸೋಮಾರಿತನ ಒಂದೊಂದು ಸಲ ದೈವಭಕ್ತಿಯ ವೇಷವನ್ನೂ ಹಾಕುತ್ತದೆ ಎಂದರೆ ಬೇಸರ ಪಡಬೇಡಿ. ಅಂಗಡಿಗೆ ಬೀಗ ಹಾಕಿ ತಿಂಗಳಿಗೆ ನಾಲ್ಕು ಕ್ಷೇತ್ರ ಸುತ್ತಿ, ವ್ಯಾಪಾರ ಕುಸಿಯಿತು, ತಾಯಿ ಕಣ್ಣು ತೆರೆಯಲಿಲ್ಲ ಎನ್ನುವವರಿದ್ದಾರೆ. 12ನೇ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯ ಎಂಬ ಹಗ್ಗ ಹೊಸೆಯುವವರಿದ್ದರು. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿದ್ದರೂ ಕಾಯಕ ನಿಲ್ಲಿಸದೆ ಹೊರೆ ಹೊತ್ತು ನಡೆದರಂತೆ, ಲಿಂಗವೇ ಅವರ ಹಿಂದೆ ಬಂದಿತಂತೆ. ಇಂಥ ಕಥೆಯನ್ನು ಯಾತ್ರಾಸ್ಥಳದಲ್ಲೇ ಹೇಳಬೇಕು, ಅದಕ್ಕೆ ಹೇಳಿದೆ.

ನೇಮ ಅಂದ ತಕ್ಷಣ ಕೆಲವರಿಗೆ ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು, ತಣ್ಣೀರು ಸ್ನಾನ, ಒಂದು ಗಂಟೆ ಧ್ಯಾನ ಇವೇ ನೆನಪಾಗುತ್ತವೆ. ಪುಸ್ತಕಗಳಲ್ಲಿ ಹಾಗೆ ಬರೆದಿರುತ್ತಾರೆ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಮನೆಗೆ ಬರುವ ಕಾರ್ಖಾನೆ ನೌಕರ ಯಾವ ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು? ಅವನು ಮಲಗುವುದೇ ಆಗ. ನೇಮ ಅವರವರ ಬದುಕಿನ ಅಳತೆಗೆ ಹೊಲಿಸಿಕೊಳ್ಳುವ ಅಂಗಿ.

ಮಾಗಡಿ ತಾಲೂಕಿನ ಹುಲಿಕಲ್‌ನ ಸಾಲುಮರದ ತಿಮ್ಮಕ್ಕನವರನ್ನು ನೆನೆಯೋಣ. ಶಾಲೆಗೆ ಹೋದವರಲ್ಲ, ಕೂಲಿ ಮಾಡಿ ಬದುಕಿದವರು. ಮಕ್ಕಳಾಗಲಿಲ್ಲ ಎಂಬ ಕೊರಗು ಬೇರೆ. ಗಂಡ ಹೆಂಡತಿ ಸೇರಿ ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಆಲದ ಸಸಿ ನೆಡಲು ಶುರು ಮಾಡಿದರು. ಮೊದಲ ವರ್ಷ ಎಷ್ಟು ನೆಟ್ಟರು ಗೊತ್ತೆ? 10. ಮರುವರ್ಷ 15, ಅದರ ಮರುವರ್ಷ 20. ಅಷ್ಟೇ! ಆದರೆ ನೆಟ್ಟ ಸಸಿಗೆ ಮೈಲುಗಟ್ಟಲೆ ನಡೆದು ಕೊಡದಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದ ಹಾಗೆ ಮುಳ್ಳುಬೇಲಿ ಕಟ್ಟಿದರು. ಸುಮಾರು 4 ಕಿಲೋಮೀಟರ್ ಉದ್ದಕ್ಕೆ 385 ಆಲದ ಮರಗಳಾದವು. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ಇಡೀ ನಾಡು ಕಂಬನಿ ಮಿಡಿಯಿತು. ಮೊದಲ ದಿನವೇ ಸಾವಿರ ಮರ ನೆಡುತ್ತೇನೆ ಎಂದು ಆ ತಾಯಿ ಹರಕೆ ಹೊತ್ತಿದ್ದರೆ, ನೀರು ಹೊರುವಾಗಲೇ ಸೋತು ಕೂರುತ್ತಿದ್ದರೋ ಏನೋ. ನಮ್ಮಲ್ಲಿ ಸಸಿ ನೆಡುವವರಿಗೆ ಯಾವತ್ತೂ ಬರವಿಲ್ಲ, ಜೂನ್ 5ಕ್ಕೆ ಬಂದು ನೋಡಿ. ನೀರು ಹೊರುವವರು ಬೇಕು.

ಭಗವದ್ಗೀತೆಯ 6ನೇ ಅಧ್ಯಾಯದಲ್ಲಿ ಅರ್ಜುನ ನೇರವಾಗಿಯೇ ಕೇಳುತ್ತಾನೆ, ಈ ಮನಸ್ಸು ಗಾಳಿಯ ಹಾಗೆ, ಇದನ್ನು ಹಿಡಿಯುವುದು ಹೇಗೆ ಅಂತ. ಶ್ರೀಕೃಷ್ಣ ಪರಮಾತ್ಮ ಅದನ್ನು ಅಲ್ಲಗಳೆಯುವುದಿಲ್ಲ. ಕಷ್ಟ ಹೌದು, ಆದರೆ ಅಭ್ಯಾಸದಿಂದ, ವೈರಾಗ್ಯದಿಂದ ಸಾಧ್ಯ ಎನ್ನುತ್ತಾನೆ. ವೈರಾಗ್ಯ ದೊಡ್ಡವರ ಮಾತು ಬಿಡಿ, ಅಭ್ಯಾಸ ಎಲ್ಲರಿಗೂ ಸಿಗುವಂಥದ್ದು. ಎಷ್ಟು ದಿನದ ಅಭ್ಯಾಸ ಬೇಕು ಎಂದರೆ ನಮ್ಮ ಹಿರಿಯರು ಮಂಡಲ ಅಂದರು, 48 ದಿನ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದಿಗೆ ದಿನಾ ಒಂದು ಸಣ್ಣ ಕೆಲಸ ಹಚ್ಚಿ, ಅದು ಯಾವಾಗ ತಾನಾಗಿಯೇ ನಡೆಯುವಂತಾಗುತ್ತದೆ ಎಂದು 12 ವಾರ ಪರೀಕ್ಷಿಸಿದ್ದರು, 2010ರಲ್ಲಿ ಅದು ಅಚ್ಚಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ ಎಂಟು ತಿಂಗಳಿಗೂ ಹೆಚ್ಚು ಬೇಕು ಅಂತ ಲೆಕ್ಕ ಸಿಕ್ಕಿತು, ಸರಾಸರಿ 66 ದಿನ. ಹೆಚ್ಚುಕಡಿಮೆ ನಮ್ಮ ಹಿರಿಯರ ಲೆಕ್ಕದ ಹತ್ತಿರಕ್ಕೇ ಬಂತು ಅನ್ನಿ. ಅದರಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ಮುಖ್ಯ ಅನ್ನಿಸಿದ್ದು ಅದೇ. ನಡುವೆ ಒಂದು ದಿನ ತಪ್ಪಿಸಿಕೊಂಡವರಿಗೆ ಅದರಿಂದ ಹೇಳಿಕೊಳ್ಳುವಂಥ ಹಿನ್ನಡೆ ಆಗಲಿಲ್ಲ, ಮರುದಿನ ಮುಂದುವರಿಸಿದರೆ ಸಾಕಾಯಿತು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಕುಡಿತದ ಆಣೆಗಳ ವಿಷಯ ಇದೆಯಲ್ಲ, ಅದಕ್ಕೆ. ಹೆಂಡತಿ ಮಕ್ಕಳು ಕೈ ಹಿಡಿದು ಕರೆತಂದು, ತಾಯಿಯ ಮುಂದೆ ಕರ್ಪೂರ ಹಚ್ಚಿಸಿ, ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಅಂತ ಆಣೆ ಮಾಡಿಸುತ್ತಾರೆ. ಆ ಮನುಷ್ಯನ ಕಣ್ಣಲ್ಲೂ ನೀರಿರುತ್ತದೆ, ಅದು ಸುಳ್ಳು ನೀರಲ್ಲ. ಹದಿನೈದು ದಿನ, ಒಂದು ತಿಂಗಳು ನಡೆಯುತ್ತದೆ. ಆಮೇಲೆ ಒಂದು ಮದುವೆ ಮನೆಯಲ್ಲೋ ಸಂಬಳದ ದಿನವೋ ಒಂದು ಲೋಟ ಒಳಗೆ ಹೋಗುತ್ತದೆ. ಅಲ್ಲಿಗೆ ಅವನು ಏನಂದುಕೊಳ್ಳುತ್ತಾನೆ? ಆಣೆ ಮುರಿಯಿತು, ತಾಯಿ ಇನ್ನು ಕೈಬಿಟ್ಟಳು, ಹೇಗೂ ಪಾಪ ಸುತ್ತಿಕೊಂಡಾಯಿತು, ಇನ್ನೊಂದು ಲೋಟ ಕುಡಿದರೇನು. ಒಂದು ದಿನ ಜಾರಿದ್ದು ಹೀಗೆ ವರ್ಷಗಟ್ಟಲೆಯ ಹಾಳಾಗುತ್ತದೆ. ಮನೆಯವರೂ ದೇವರ ಶಾಪ ತಟ್ಟುತ್ತದೆ ನಿನಗೆ ಅಂತ ಸೇರಿಸಿ ಹೇಳುತ್ತಾರೆ. ಅಯ್ಯಾ, ತಾಯಿ ಪೊಲೀಸ್ ಇನ್ಸ್‌ಪೆಕ್ಟರಲ್ಲ. ನಡೆಯುವುದು ಕಲಿಯುವ ಮಗು ಬಿದ್ದರೆ ಯಾವ ತಾಯಿ ಶಾಪ ಕೊಡುತ್ತಾಳೆ? ಮರುದಿನ ಬೆಳಿಗ್ಗೆ ಎದ್ದು ಮುಖ ತೊಳೆದು, ಇವತ್ತು ಬೇಡ ಅಂತ ಹೇಳಿಕೊಂಡರೆ ಆಣೆ ಮತ್ತೆ ಜೀವಂತ. ಜನ್ಮದ ಆಣೆ ಬೇಡವೇ ಬೇಡ, ಇವತ್ತಿನ ಆಣೆ ಸಾಕು.

ಇನ್ನೂ ಒಂದು ಮಾತು, ದಯವಿಟ್ಟು ಗಮನಿಸಿ. ಹತ್ತಾರು ವರ್ಷದಿಂದ ದಿನಾ ಬೆಳಿಗ್ಗೆಯಿಂದಲೇ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈಕಾಲು ನಡುಕ, ಬೆವರು, ಇಲ್ಲದ್ದು ಕಾಣುವುದು, ಫಿಟ್ಸ್ ಬರುವುದು ಉಂಟು. ಪ್ರಾಣಕ್ಕೂ ಅಪಾಯ ಆಗಬಹುದು. ಅದನ್ನು ದೇವರ ಕೋಪ, ಗಾಳಿ ಸೋಕಿದ್ದು ಅಂತ ತಿಳಿದು ಬೆಟ್ಟಕ್ಕೆ ಕರೆತರಬೇಡಿ, ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮನೋರೋಗ ವಿಭಾಗದಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಔಷಧಿ ಇದೆ. ಔಷಧಿ ತೆಗೆದುಕೊಂಡರೆ ಭಕ್ತಿಗೆ ಕುಂದೇನೂ ಇಲ್ಲ.

ಪರೀಕ್ಷೆ ಹತ್ತಿರ ಬಂದಾಗ ಹಾಲ್ ಟಿಕೆಟ್ ತಂದು ಪೂಜೆ ಮಾಡಿಸುವ ಮಕ್ಕಳಿಗೆ ಹೇಳುವುದು ಬಹಳ ಇಲ್ಲ. ಜೂನ್ ತಿಂಗಳಲ್ಲೇ ಒಮ್ಮೆ ಬನ್ನಿ. ಆಗ ಇಟ್ಟುಕೊಂಡ ಅರ್ಧ ಗಂಟೆಯ ನೇಮಕ್ಕೆ ಮಾರ್ಚ್‌ವರೆಗೆ ಬೆಳೆಯಲು ಜಾಗ ಇರುತ್ತದೆ.

ಹಾಗಾದರೆ ನೇಮ ಹೇಗಿರಬೇಕು? ನಾಚಿಕೆ ಆಗುವಷ್ಟು ಚಿಕ್ಕದಿರಲಿ. ದಿನಾ ಒಂದು ಪುಟ ಓದುವುದು, ಊಟದ ಹೊತ್ತಿಗೆ ಮೊಬೈಲನ್ನು ಬೇರೆ ಕೋಣೆಯಲ್ಲಿಡುವುದು, ಬೆಳಿಗ್ಗೆ ಹತ್ತು ನಿಮಿಷ ನಡೆಯುವುದು, ಮನೆಯಲ್ಲಿ ಅತ್ತೆ ಸೊಸೆ ದಿನಕ್ಕೊಂದು ಒಳ್ಳೆ ಮಾತು ಆಡುವುದು (ಇದು ಎಲ್ಲಕ್ಕಿಂತ ಕಷ್ಟ ಅಂತ ಇಬ್ಬರೂ ಹೇಳುತ್ತಾರೆ). ನೇಮವನ್ನು ಹೇಗೂ ತಪ್ಪದ ಒಂದು ಕೆಲಸದ ಬಾಲಕ್ಕೆ ಕಟ್ಟಿ. ದೀಪ ಹಚ್ಚಿದ ಮೇಲೆ, ಹಾಲು ಕಾಯಿಸುವಾಗ, ಬಸ್ಸಿಗೆ ಕಾಯುವಾಗ ಹೀಗೆ. ನಾಳೆಯಿಂದ ಓದುತ್ತೇನೆ ಅಂದರೆ ನಾಳೆಗೆ ಕೈಕಾಲಿಲ್ಲ, ದೀಪ ಹಚ್ಚಿ ಅಲ್ಲೇ ಕೂತು ಒಂದು ಪುಟ ಅಂದರೆ ಅದಕ್ಕೊಂದು ಜಾಗ ಸಿಕ್ಕಿತು.

ನನ್ನನ್ನು ಕೇಳಿದರೆ ಹೆಚ್ಚಿನ ಮನೆಗಳಿಗೆ ಬೇಕಾದ ನೇಮ ಎಂದರೆ ರಾತ್ರಿ ಮಲಗುವ ಮುಂಚೆ ಅಂದಿನ ಖರ್ಚು ಬರೆಯುವುದು. ಹತ್ತು ರೂಪಾಯಿಯ ನೋಟ್‌ಪುಸ್ತಕ ಸಾಕು. ಈಗ ದುಡ್ಡೆಲ್ಲ ಫೋನಿನಲ್ಲೇ ಹೋಗುವುದರಿಂದ ಕೈ ಬಿಟ್ಟು ಹೋದದ್ದು ಗೊತ್ತಾಗುವುದೇ ಇಲ್ಲ. ಒಂದು ತಿಂಗಳು ಬರೆದ ಮೇಲೆ ಗಂಡ ಹೆಂಡತಿ ಕೂತು ಕೂಡಿಸಿ ನೋಡಿ. ಎಲೆ ಅಡಿಕೆ, ಟೀ, ರೀಚಾರ್ಜು, ಸಂಘದ ಸಾಲದ ಕಂತು ಎಲ್ಲವೂ ಹೆಸರು ಹೇಳಿಕೊಂಡು ಎದುರಿಗೆ ನಿಲ್ಲುತ್ತವೆ. ಯಾರೂ ಯಾರನ್ನೂ ಬೈಯಬೇಕಾಗಿಲ್ಲ, ಪುಸ್ತಕವೇ ಮಾತಾಡುತ್ತದೆ. ಮತ್ತೆ, ಬಡ್ಡಿಗೆ ಸಾಲ ತಂದು ಹರಕೆ ತೀರಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲು ಸಾಲ ತೀರಿಸಿ. ಒಂದು ಹೂವು, ಒಂದು ಚಿಟಿಕೆ ಕುಂಕುಮ ಇಟ್ಟು ತಡವಾಗುತ್ತದೆ ತಾಯಿ ಅಂತ ಹೇಳಿಕೊಂಡರೆ ಸಾಕು.

ಮೆಟ್ಟಿಲಿನಲ್ಲಿ ಇಳಿದು ಹೋಗುವವರು ನಿಧಾನವಾಗಿ ಇಳಿಯಿರಿ. ಹತ್ತುವಾಗ ಎದೆ ಬಡಿದುಕೊಂಡರೆ ಇಳಿಯುವಾಗ ಮೊಣಕಾಲು ನಡುಗುತ್ತದೆ, ಮಳೆಗಾಲದಲ್ಲಂತೂ ಕಲ್ಲು ಜಾರುತ್ತದೆ. ದಾರಿಯಲ್ಲಿ ಸಿಗುವ ನಂದಿಯ ಹತ್ತಿರ ಸ್ವಲ್ಪ ಕೂತುಕೊಳ್ಳಿ. ಇದ್ದ ಜಾಗದಲ್ಲೇ ಒಂದೇ ಬಂಡೆಯನ್ನು ಕಡೆದು ಮಾಡಿದ, ಸುಮಾರು 16 ಅಡಿ ಎತ್ತರದ ಬಸವಣ್ಣ, ಇದೂ ದೊಡ್ಡ ದೇವರಾಜ ಒಡೆಯರ ಕಾಲದ್ದೇ. ಅಲ್ಲಿ ಕೂತು ನಿಮ್ಮ ನೇಮ ಯಾವುದು, ಯಾವ ಹೊತ್ತಿಗೆ, ಮನೆಯ ಯಾವ ಮೂಲೆಯಲ್ಲಿ ಅಂತ ಜೊತೆಯವರಿಗೆ ಹೇಳಿ. ಬಸ್ಸಿನಲ್ಲಿ ಹೋಗುವವರು ಈ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ದಿನಾಂಕ ಹಾಕಿ ಬರೆದುಕೊಳ್ಳಿ. ಪೆನ್ನು ಬೇಕಿದ್ದರೆ ಕಚೇರಿಯ ಕಿಟಕಿಗೆ ದಾರ ಕಟ್ಟಿ ಇಟ್ಟಿದೆ.