ಪಾಕೀಟಿನ ಮೇಲಿನ ತಾರೀಖು

ಕಳೆದ ವರ್ಷ ದಸರೆಯ ಹೊತ್ತಿಗೆ ನಾನೊಂದು ಸುಳ್ಳು ಬರೆದೆ. ಬರೆದದ್ದು ಎರಡೇ ಸಂಗತಿ: ಒಂದು ತಿಂಗಳು, ಒಂದು ವರ್ಷ. ವರ್ಷ ನಿಜವಿತ್ತು, ತಿಂಗಳು ಸುಳ್ಳಾಗಿತ್ತು.

ನಮ್ಮೂರು ಬಮ್ಮಿಗಟ್ಟಿ. ಕಲಘಟಗಿ ತಾಲೂಕಿನಲ್ಲಿ ಭತ್ತ, ಗೋವಿನಜೋಳ ಬೆಳೆಯುವ ಅರೆಮಲೆನಾಡಿನ ಊರು. ಅಲ್ಲಿ ನಮ್ಮ ದೊಡ್ಡವ್ವ ಮತ್ತು ಅದೇ ಓಣಿಯ ಮೂವರು ಹೆಣ್ಣುಮಕ್ಕಳು ಸೇರಿ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ ಮಾಡುತ್ತಾರೆ. ಮೊದಲೆಲ್ಲ ಸಂತೆಯಲ್ಲಿ ಮಾರುತ್ತಿದ್ದರು. ಧಾರವಾಡದಲ್ಲಿ ತತ್ವಶಾಸ್ತ್ರದ ಪಿಎಚ್‌.ಡಿ. ಮಾಡುತ್ತಿರುವ ನಾನು, ನನ್ನ ಓದು ಮನೆಗೆ ಯಾವುದಕ್ಕಾದರೂ ಉಪಯೋಗವಾಗಲಿ ಎಂದು ಅದನ್ನು ಆನ್‌ಲೈನ್ ಅಂಗಡಿಗೆ ಏರಿಸಿದೆ.

ಏರಿಸುವುದೆಂದರೆ ಕಾಗದಪತ್ರದ ಕೆಲಸ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಗೆ ಆಗ ವರ್ಷಕ್ಕೆ 100 ರೂಪಾಯಿ. ಕೊಟ್ಟೆವು, 14 ಅಂಕಿಯ ಸಂಖ್ಯೆ ಬಂತು. ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರು 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದೆಯೂ ಇಂಥ ತಾಣಗಳ ಮೂಲಕ ಮಾರಬಹುದು, ಹಾಗಾಗಿ ಅದೊಂದು ಹೊರೆ ತಪ್ಪಿತು. ಪೊಟ್ಟಣದ ಸರಕಿನ 2011ರ ನಿಯಮಗಳ ಪ್ರಕಾರ ಪಾಕೀಟಿನ ಮೇಲೆ ತಯಾರಿಸಿದವರ ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಿಸಿದ ತಿಂಗಳು-ವರ್ಷ, ದೂರು ಹೇಳಲು ಸಂಪರ್ಕ ಎಲ್ಲ ಇರಬೇಕು. ಇವನ್ನು ಮೊಬೈಲಿನ ಪರದೆಯ ಮೇಲೂ ತೋರಿಸಬೇಕು, ತಿಂಗಳು-ವರ್ಷ ಒಂದನ್ನು ಬಿಟ್ಟು. ಪಾಕೀಟು ಮನೆಗೆ ಬರುವ ತನಕ ಅದು ಎಂದಿನದೆಂದು ಕೊಳ್ಳುವವರಿಗೆ ತಿಳಿಯುವುದಿಲ್ಲ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರು ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರು ಮುಟ್ಟಿದೆಯೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನಾನು ದೊಡ್ಡವ್ವನ ಹೆಸರು ಬರೆದೆ. “ಅಧಿಕಾರಿ ಅಂದ್ರ ಪಗಾರ ಎಷ್ಟಂತ ಕೇಳೋ ತಮ್ಮಾ” ಎಂದು ಆಕೆ ನಕ್ಕಳು.

ದಸರೆಗೆ ಒಮ್ಮೆಲೇ ಆರ್ಡರು ಬಂದವು. ಆಗಸ್ಟಿನಲ್ಲಿ ಕುಟ್ಟಿದ 40 ಪಾಕೀಟು ಶೇಂಗಾ ಚಟ್ನಿ ಚೀಟಿ ಅಂಟಿಸದೆ ಉಳಿದಿತ್ತು. ಅಕ್ಟೋಬರಿನ ಚೀಟಿಗಳು ಮುದ್ರಣವಾಗಿ ಬಂದಿದ್ದವು. ನಾನು ಅಂಟಿಸತೊಡಗಿದೆ. ದೊಡ್ಡವ್ವ ನೋಡಿ, “ಇದು ಪಂಚಮಿ ಆದಮ್ಯಾಲೆ ಕುಟ್ಟಿದ್ದಲ್ಲೇನೋ?” ಅಂದಳು. “ಹೌದು, ಆದ್ರ ಕೆಟ್ಟಿಲ್ಲಲಾ” ಅಂದೆ. ಆಕೆ ಸುಮ್ಮನಾದಳು. ಕಾನೂನು ಓದಿದವನು ನಾನು, ಅಂಟಿಸುವವನೂ ನಾನೇ.

ಎರಡು ವಾರದ ಮೇಲೆ ಬೆಂಗಳೂರಿನಿಂದ ಒಬ್ಬರ ದೂರು ಬಂತು: ಚಟ್ನಿ ಕಮಟು ವಾಸನೆ ಬರುತ್ತಿದೆ. 48 ಗಂಟೆ ಯಾಕೆ, ನಾಲ್ಕೇ ತಾಸಿನಲ್ಲಿ ಉತ್ತರಿಸಿದೆ. ಮರುದಿನ ದುಡ್ಡು ಮರಳಿಸಿದೆ. ತಾಣದವರ ಲೆಕ್ಕದಲ್ಲಿ ದೂರು ಮುಗಿಯಿತು. ನಮ್ಮ ಹೆಸರಿನ ಮುಂದಿನ ಹಸಿರು ಗುರುತು ಹಾಗೇ ಉಳಿಯಿತು.

ಮುಗಿಯದೆ ಉಳಿದದ್ದು ದೊಡ್ಡವ್ವನ ಒಂದೇ ಪ್ರಶ್ನೆ: “ಉಳಿದವ್ರಿಗೆ ಯಾರ್ ಹೇಳ್ತಾರ?”

ನನ್ನ ಓದಿನಲ್ಲಿ ಒಬ್ಬ ಅಂಗಡಿಕಾರ ಬರುತ್ತಾನೆ. ನೀತಿಯ ಬುನಾದಿಯ ಬಗ್ಗೆ 1785ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಇಮ್ಯಾನುಯೆಲ್ ಕಾಂಟ್ ಕೊಡುವ ಉದಾಹರಣೆ ಅದು. ಈ ಅಂಗಡಿಕಾರ ಏನೂ ತಿಳಿಯದ ಮಗುವಿಗೂ ಎಲ್ಲರಿಗೆ ಕೊಡುವ ಬೆಲೆಗೇ ಕೊಡುತ್ತಾನೆ. ಆದರೆ ವ್ಯಾಪಾರ ಕೆಡಬಾರದೆಂದು ಹಾಗೆ ಮಾಡಿದರೆ ಅದು ಕರ್ತವ್ಯಕ್ಕೆ ತಕ್ಕಂತೆ ಇರುತ್ತದೆಯೇ ಹೊರತು ಕರ್ತವ್ಯದಿಂದಲೇ ಹುಟ್ಟಿದ್ದಲ್ಲ ಎಂಬುದು ಕಾಂಟ್‌ನ ವಾದ. ಇದನ್ನು ನಾನು ವಿದ್ಯಾರ್ಥಿಗಳಿಗೆ ಎರಡು ಸಲ ಪಾಠ ಮಾಡಿದ್ದೇನೆ. ನಾನು ಆ ಅಂಗಡಿಕಾರನಿಗಿಂತ ಒಂದು ಮೆಟ್ಟಿಲು ಕೆಳಗಿದ್ದೇನೆ ಎಂಬುದು ಆಗ ಹೊಳೆದಿರಲಿಲ್ಲ. ಅವನು ಕನಿಷ್ಠ ಸರಿಯಾದ ಬೆಲೆ ಕೊಟ್ಟ. ನಾನು ಎಲ್ಲ ಖಾಲಿ ಜಾಗ ತುಂಬಿ, ತುಂಬಿದ್ದೇ ಪ್ರಾಮಾಣಿಕತೆ ಎಂದುಕೊಂಡೆ. ಕಾನೂನನ್ನು ಪ್ರಶ್ನೆಪತ್ರಿಕೆಯಂತೆ ಓದಿದ್ದೆ.

ಹಾಗೆಂದು ಕಾನೂನು ಬರೀ ಕಾಗದ, ಮನಸ್ಸಾಕ್ಷಿಯೇ ದೊಡ್ಡದು ಎಂದು ಹೇಳಲಾರೆ. ಸಂತೆಯಲ್ಲಿ ದೊಡ್ಡವ್ವ ಚೀಟಿ ಇಲ್ಲದೆ ಮಾರುತ್ತಿದ್ದಳು, ನಿಜ. ಆದರೆ ಅಲ್ಲಿ ಕೊಳ್ಳುವವರು ಪುಡಿಯನ್ನು ಅಂಗೈಗೆ ಹಾಕಿಸಿಕೊಂಡು ಮೂಸಿ ನೋಡುತ್ತಿದ್ದರು. ಚಟ್ನಿ ಕೆಟ್ಟಿದ್ದರೆ ಮುಂದಿನ ವಾರ ಬಂದು ನಾಲ್ಕು ಮಂದಿಯ ಎದುರು ಬೈಯುತ್ತಿದ್ದರು. ಆಕೆ ಅದೇ ಜಾಗದಲ್ಲಿ ಕೂತಿರುತ್ತಿದ್ದಳು. ಬೆಂಗಳೂರಿನ ಆ ಮನೆಯವರಿಗೆ ಮೂಸುವ ಅವಕಾಶ ಇರಲಿಲ್ಲ, ಬೈಯುವ ಜಾಗ ಗೊತ್ತಿರಲಿಲ್ಲ. ಅವರ ಕೈಗೆ ಸಿಕ್ಕಿದ್ದು ಚೀಟಿಯೊಂದೇ. ಆ ಚೀಟಿಯಲ್ಲಿನ ವಿಳಾಸ ದೊಡ್ಡವ್ವ ಕೂತ ಜಾಗ, ಆ ತಿಂಗಳು ಅಂಗೈಗೆ ಹಾಕಿದ ಚಿಟಿಕೆ ಪುಡಿ. ದೂರ ಹೆಚ್ಚಿದಷ್ಟೂ ಅಕ್ಷರದ ಭಾರ ಹೆಚ್ಚುತ್ತದೆ. ಅಕ್ಷರ ಇರಲೇಬೇಕೆಂದು ಕಾನೂನು ಒತ್ತಾಯಿಸಬಹುದು, ತಪ್ಪು ಸಿಕ್ಕಿದರೆ ದಂಡ ಹಾಕಬಹುದು. ಬಮ್ಮಿಗಟ್ಟಿಯ ಪಡಸಾಲೆಯಲ್ಲಿ ಚೀಟಿ ಅಂಟಿಸುವವನ ಪಕ್ಕದಲ್ಲಿ ಬಂದು ಕೂರಲಾರದು. ಅಲ್ಲಿ ಕೂತಿದ್ದವಳು ದೊಡ್ಡವ್ವ. ಆಕೆಯ ಬಾಯಿ ಮುಚ್ಚಿಸಲು ನಾನು ಬಳಸಿದ್ದೂ ಕಾನೂನಿನ ತಿಳಿವಳಿಕೆಯನ್ನೇ. ಅದೇ ನನಗೆ ಹೆಚ್ಚು ನಾಚಿಕೆಯ ಸಂಗತಿ.

ಉಳಿದ 39 ಪಾಕೀಟು 31 ಮನೆಗೆ ಹೋಗಿದ್ದವು. ಕೊಂಡವರಿಗೆ ತಿಳಿಸಿ ಎಂದು ತಾಣದವರಿಗೆ ಬರೆದೆ. ದೂರು ಬಂದರೆ ಮಾತ್ರ ಕ್ರಮ ಎಂಬ ಸಿದ್ಧ ಉತ್ತರ ಬಂತು. ನಮ್ಮ ಹತ್ತಿರ ವಿಳಾಸಗಳಿದ್ದವು, ಆದರೆ ಅವನ್ನು ಸರಕು ಮುಟ್ಟಿಸಲು ಬಿಟ್ಟು ಬೇರೆ ಯಾವುದಕ್ಕೂ ಬಳಸುವುದಿಲ್ಲ ಎಂಬ ಷರತ್ತಿಗೆ ನಾನೇ ಒಪ್ಪಿಗೆ ಒತ್ತಿದ್ದೆ. ಅದೂ ಸುಮ್ಮನೆ ಇಟ್ಟ ಷರತ್ತಲ್ಲ, ಯಾರದೋ ಮನೆಯ ನೆಮ್ಮದಿ ಕಾಯುವಂಥದ್ದು. ಸುಳ್ಳು ಹೇಳುವಾಗ ಎಲ್ಲ ಸುಸೂತ್ರವಾಗಿ ನಡೆದಿತ್ತು, ನಿಜ ಹೇಳಹೊರಟರೆ ಕೊಟ್ಟ ಮಾತೊಂದು ಅಡ್ಡ ಬಂತು.

ದೊಡ್ಡವ್ವನಿಗೆ ಹೇಳಿದೆ. “ನಾನ ಅಧಿಕಾರಿ ಅಲ್ಲೇನ? ನಾ ಹೇಳತೇನಿ, ಬರಿ” ಅಂದಳು. 50 ಪೈಸೆಯ 31 ಅಂಚೆ ಕಾರ್ಡು ತಂದು ಬರೆದೆ: ಈ ಚಟ್ನಿ ಕುಟ್ಟಿದ್ದು ಆಗಸ್ಟಿನಲ್ಲಿ, ಚೀಟಿಯ ತಿಂಗಳು ತಪ್ಪು, ತಪ್ಪು ನಮ್ಮದು, ದುಡ್ಡು ಬೇಕಾದವರಿಗೆ ಮರಳಿಸುತ್ತೇವೆ. ಆರು ಮಂದಿ ದುಡ್ಡು ಕೇಳಿದರು. ಒಬ್ಬರು, ನಮ್ಮ ವಿಳಾಸ ಬಳಸಲು ನಿಮಗೆ ಹಕ್ಕು ಕೊಟ್ಟವರಾರು ಎಂದು ಸಿಟ್ಟಾಗಿ ಬರೆದರು. ಅವರಿಗೆ ಕೊಡುವ ಉತ್ತರ ನನ್ನಲ್ಲಿ ಇಂದಿಗೂ ಪೂರ್ತಿ ಇಲ್ಲ. ಕ್ಷಮೆ ಕೇಳಿದೆ, ಆದರೆ ಮತ್ತೆ ಅದೇ ಸಂದರ್ಭ ಬಂದರೆ ಕಾರ್ಡು ಹಾಕುತ್ತೇನೆ ಅನ್ನಿಸುತ್ತದೆ.

ಈಗ ಚೀಟಿಯಲ್ಲಿ ತಿಂಗಳಿನ ಜಾಗ ಖಾಲಿ ಬಿಟ್ಟೇ ಮುದ್ರಿಸುತ್ತೇವೆ. ಕುಟ್ಟಿದ ದಿನವೇ ದೊಡ್ಡವ್ವ ತಾರೀಖಿನ ರಬ್ಬರ್ ಮೊಹರು ತಿರುಗಿಸಿ ಒತ್ತುತ್ತಾಳೆ. ಆ ಮೊಹರನ್ನು ಆಕೆ ನನ್ನ ಕೈಗೆ ಕೊಡುವುದಿಲ್ಲ.